ಜುಂಜಣ್ಣನ ಆಣೆ ಬಿಡಿಸಿ

ಪಕ್ಷದ ಮಾನ್ಯ ತಾಲ್ಲೂಕು ಅಧ್ಯಕ್ಷರೇ,

ಹಂದನಕೆರೆ ಪಕ್ಕದ ಕುರಿಹಟ್ಟಿಯ ಎಪ್ಪತ್ತು ವೋಟುಗಳನ್ನು ನೀವು ಏಳು ವರ್ಷದಿಂದ ಒಂದು ಆಣೆಯಲ್ಲಿ ಕಟ್ಟಿಹಾಕಿದ್ದೀರಿ. ಅದನ್ನು ಬಿಡಿಸಿ ಎಂದು ನಿಮ್ಮ ಮನೆಗೆ ಬಂದು ಮೂರು ಸಲ ಕೇಳಿದೆ. ಕಾಫಿ ಕೊಟ್ಟು ಕಳಿಸಿದಿರಿ. ಈಗ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.

ಹಿರಿಯರ ದಾರಿ ಬಿಡದ ನಮ್ಮ ಪಕ್ಷದಲ್ಲಿ ಎಲ್ಲರೂ ಒಂದೇ ಮನೆಯವರು ಎಂದು ಮೊನ್ನೆ ಸಭೆಯಲ್ಲಿ ಹೇಳಿದಿರಿ. ಒಂದೇ ಮನೆಯೇ? ತೋಟದವರು ನಮಗೆ ವೋಟು ಹಾಕುವುದು ಭೂಸುಧಾರಣೆಯ ಭಯಕ್ಕೆ. ನನ್ನಂಥ ಕೊಬ್ಬರಿ ವ್ಯಾಪಾರಿಗಳು ಹಾಕುವುದು ಮಾರಾಟ ತೆರಿಗೆಯವರು ಅಂಗಡಿ ಮೆಟ್ಟಿಲು ಹತ್ತದಿರಲಿ ಎಂದು. ನನ್ನ ಭಾವ ಪರಮಶಿವಯ್ಯನವರಂತೂ ಅಭ್ಯರ್ಥಿ ಯಾರೆಂದೂ ಕೇಳುವುದಿಲ್ಲ. ಅವರಪ್ಪ ಹಾಕುತ್ತಿದ್ದರು, ಇವರೂ ಹಾಕುತ್ತಾರೆ. ಹಿರಿಯರ ದಾರಿಯನ್ನು ನಿಜವಾಗಿ ನಂಬಿ ಹಾಕುವವರು ಹಟ್ಟಿಯವರು ಮಾತ್ರ. ಪೆಟ್ಟು ಬಿದ್ದದ್ದೂ ಅವರಿಗೇ.

ಎಪ್ಪತ್ತೆಂಟರ ಚುನಾವಣೆಯಲ್ಲಿ ಹಟ್ಟಿಯ ಗುಡಿಯ ಮುಂದೆ ಕರಿಕಂಬಳಿ ಹಾಸಿ, ತೆಂಗಿನಕಾಯಿ ಇಟ್ಟು ಆಣೆ ಇಡಿಸಿದಿರಿ. ಕಾಯಿ ತಂದವನು ನಾನೇ. ಗೋಮಾಳ ಕುರಿಗಳಿಗೇ ಉಳಿಯುತ್ತದೆ ಎಂದು ನೀವು ಬಾಯಲ್ಲಷ್ಟೇ ಹೇಳಿದಿರಿ. ನಮ್ಮ ವೋಟು ಈ ಗುರುತಿಗೇ ಎಂದು ಹಟ್ಟಿಯ ಯಜಮಾನ ಜುಂಜಣ್ಣ ಎಲ್ಲರ ಪರವಾಗಿ ಕಾಯಿ ಮುಟ್ಟಿದ. ಈ ಸಲಕ್ಕೆ ಮಾತ್ರ ಎಂದು ಸೇರಿಸುವುದು ಅವನಿಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು, ಸುಮ್ಮನಿದ್ದೆ.

ಎರಡೇ ವರ್ಷಕ್ಕೆ ಗೋಮಾಳ ತೋಟದವರಿಗೆ ಮಂಜೂರಾಯಿತು. ಅದರಲ್ಲಿ ಎರಡೆಕರೆ ನನ್ನ ಭಾವನದು, ಮುಚ್ಚಿಡುವುದಿಲ್ಲ. ಬೇಲಿ ಎದ್ದಿತು, ತೆಂಗಿನ ಸಸಿ ನಿಂತವು. ಜುಂಜಣ್ಣ ಅರ್ಧ ಮಂದೆ ಮಾರಿ, ಉಳಿದದ್ದನ್ನು ಹುಳಿಯಾರಿನ ಕಡೆಗೆ ಹೊಡೆದುಕೊಂಡು ಹೋದ. ಆದರೂ ಎಂಬತ್ಮೂರರಲ್ಲಿ ಅಲ್ಲಿಂದ ನಡೆದುಬಂದು ನಮಗೇ ವೋಟು ಹಾಕಿದ. ಬೂತಿನಲ್ಲಿ ಅವನನ್ನು ಕಂಡು ನಾಚಿಕೆಯಿಂದ ತಲೆ ತಗ್ಗಿಸಿದೆ. ಸಾಕು, ಆ ಆಣೆ ಬಿಟ್ಟುಬಿಡು ಎಂದೆ.

"ನೀವು ಬುಡು ಅಂದ್ರೆ ಬುಡಕ್ಕಾಯ್ತದಾ ಸಾವ್ಕಾರ್ರೇ? ಇಡಿಸ್ದೋರೇ ಬಂದು, ಅದೇ ಕಂಬಳಿ ಮ್ಯಾಲೆ ಕಾಯಿ ಒಡೆದು ಬುಡಿಸ್ಬೇಕು."

ಇದನ್ನು ನಿಮಗೆ ತಿಳಿಸಿದಾಗ ನೀವು ಹೇಳಿದ್ದು ನೆನಪಿದೆಯೇ? "ಹಂಗಾದ್ರೆ ಆ ಹಟ್ಟಿಗೆ ಪ್ರಚಾರದ ಜೀಪು ಕಳಿಸೋ ಕೆಲಸಾನೇ ಇಲ್ಲ ಕಣ್ರೀ."

ಗೋಮಾಳ ವಾಪಸು ಕೊಡಿಸಿ ಎಂದು ಕೇಳಿದರೆ ನೀವು ಮತ್ತೆ ಕಾಫಿ ಕೊಡುತ್ತೀರಿ. ನಾನು ಕೇಳುವುದು ಇಷ್ಟೇ: ಈ ಸಲದ ಮತದಾನಕ್ಕೆ ಮುಂಚೆ ಹಟ್ಟಿಗೆ ಬಂದು, ನಿಮ್ಮನ್ನು ಆಣೆಯಿಂದ ಬಿಟ್ಟಿದ್ದೇನೆ ಎಂದು ಬಾಯಿಬಿಟ್ಟು ಹೇಳಿ ಕಾಯಿ ಒಡೆಯಿರಿ. ಕಾಯಿ ನಾನೇ ತರುತ್ತೇನೆ. ಆಮೇಲೂ ಜುಂಜಣ್ಣ ನಮಗೇ ಹಾಕಿದರೆ, ಅದನ್ನು ವೋಟು ಎಂದು ಕರೆಯೋಣ.

ಇಂತಿ,
ಅಂದು ಕಾಯಿ ತಂದು ಬಾಯಿ ಮುಚ್ಚಿಕೊಂಡಿದ್ದ
ಶಂಭುಲಿಂಗಯ್ಯ
ಕೊಬ್ಬರಿ ವ್ಯಾಪಾರಿ, ಹಂದನಕೆರೆ
ಫೆಬ್ರುವರಿ 1985