ಸೂಜಿಗೆ ಹೋದ ಸವತಿಯರು

ಅಕ್ಕಾ,

ನಿನ್ನೆ ನಿನ್ನ ತವರು ಜವಳಗೇರಾದಿಂದ ಬಂದಾಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಜೋಳ ಹಸನು ಮಾಡಲು ಮೊರ ಹಿಡಿದೆ, ಬಿಟ್ಟೆ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದೆ, ಉಕ್ಕಿ ಹೋಯಿತು. ಹೇಳಬೇಕಾದ ಸುದ್ದಿಯೊಂದಿದೆ. ಕೇಳಬೇಕಾದವಳು ನೀನೊಬ್ಬಳೇ, ನೀನೋ... ನಾವಿಬ್ಬರೂ ಒಬ್ಬನೇ ಗಂಡನ ಹೆಂಡಿರು, ಜನ ನಮ್ಮನ್ನು ಸವತಿಯರು ಎನ್ನುತ್ತಿದ್ದರು. ನಾನು ಮಾತ್ರ ಒಮ್ಮೆಯೂ ನಿನ್ನನ್ನು ಹಾಗೆ ನೆನೆದಿಲ್ಲ. ಅಕ್ಕ ಎಂದು ಕರೆದೇ ಅಭ್ಯಾಸ, ಹಾಗೆಯೇ ಬರೆಯುತ್ತಿದ್ದೇನೆ.

ನೀನು ನನ್ನನ್ನು ನೋಡಲು ಗೊರೇಬಾಳಕ್ಕೆ ಬಂದ ದಿನ ನೆನಪಿದೆಯೇ? ಗಂಡನಿಗೆ ಎರಡನೆಯ ಹೆಣ್ಣು ನೋಡಲು ಮೊದಲನೆಯ ಹೆಂಡತಿಯೇ ಬಂದಿದ್ದಾಳೆ ಎಂದು ನಮ್ಮ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು. ಅತ್ತೆ ನಮ್ಮಪ್ಪನಿಗೆ ಹೇಳುತ್ತಿದ್ದರು: ಮಸ್ಕಿಯಲ್ಲಿ ಸ್ವಂತ ಹಿಟ್ಟಿನ ಗಿರಣಿ, ಸ್ವಂತ ಮನೆ, ಒಬ್ಬನೇ ಮಗ, ಸೊಸೆಗೆ ಮಕ್ಕಳಾಗದ್ದೊಂದೇ ಕೊರತೆ. ಕಂಡವರ ಗದ್ದೆಯಲ್ಲಿ ಭತ್ತ ಹಚ್ಚುವ ಅಪ್ಪನಿಗೆ ಇಲ್ಲವೆನ್ನಲು ಏನಿತ್ತು? ನೀನು ನೀರು ಕುಡಿಯುವ ನೆವದಲ್ಲಿ ಒಳಗೆ ಬಂದು ನನ್ನ ಕೈ ಹಿಡಿದೆ. "ನಿನಗ ಮನಸ್ಸಿಲ್ಲಂದ್ರ ಈಗ ಹೇಳು. ನಾ ಏನಾರ ನೆಪ ಹೇಳಿ ಮುರೀತೀನಿ" ಎಂದೆ. ನಾನು ತಲೆ ತಗ್ಗಿಸಿದೆ. ಎರಡು ಹೊತ್ತು ಉಣ್ಣುವ ಮನೆ ಸಿಕ್ಕರೆ ಸಾಕಾಗಿತ್ತು ನನಗೆ. ನಾನು ಒಲ್ಲೆ ಎನ್ನಲಿ ಎಂದು ನೀನು ಒಳಗೊಳಗೆ ಬಯಸಿದ್ದೆಯಾ? ಕೇಳಬೇಕು ಕೇಳಬೇಕು ಅಂದುಕೊಂಡೇ...

ಲಿಂಗಸುಗೂರಿನ ಲೇಡಿ ಡಾಕ್ಟರ ಮುಂದೆ ನಾವಿಬ್ಬರೂ ಕೂತದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಅಷ್ಟರಲ್ಲಿ ನನಗೂ ಏನೂ ಆಗಲಿಲ್ಲ ಎಂಬ ಮಾತು ಗಿರಣಿಗೆ ಜೋಳ ಬೀಸಲು ಬರುವವರ ಬಾಯಲ್ಲೆಲ್ಲ ಓಡಾಡುತ್ತಿತ್ತು. ಡಾಕ್ಟರಮ್ಮ ನನ್ನನ್ನು ಪರೀಕ್ಷೆ ಮಾಡಿ ಗುಳಿಗೆ ಬರೆದುಕೊಟ್ಟರು. ಜೊತೆಗೆ ಬಂದ ನೀನು ಯಾರೆಂದು ಕೇಳಿದರು. ನೀನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿ, ಇಬ್ಬರು ಹೆಂಡಿರಿಗೂ ಮಕ್ಕಳಿಲ್ಲ ಎಂದಮೇಲೆ ಮೊದಲು ನೋಡಬೇಕಾದದ್ದು ಗಂಡನನ್ನಲ್ಲವೇ, ಅವರನ್ನು ಕರೆದುಕೊಂಡು ಬನ್ನಿ ಎಂದರು. ಬಸ್ಸಿನಲ್ಲಿ ಮಸ್ಕಿ ಬರುವತನಕ ನೀನು ಹೊರಗಿನ ಹೊಲಗಳ ಕಡೆ ಮುಖ ಮಾಡಿದ್ದೆ. ಕಿಟಕಿಯ ಸರಳನ್ನು ಹಿಡಿದ ನಿನ್ನ ಕೈಯನ್ನೇ ನಾನು ನೋಡುತ್ತಿದ್ದೆ. ಅಂಥದೊಂದು ಮಾತು ಅಷ್ಟು ವರ್ಷ ಯಾರ ಬಾಯಿಂದಲೂ ಬಂದಿರಲಿಲ್ಲ, ಅಲ್ಲವೇ?

ಆ ಗುಳಿಗೆ ನುಂಗುವ ದಿನಗಳಲ್ಲಿ ನನಗೆ ನಿದ್ದೆ ಹಾರಿಹೋಯಿತು. ಮುಟ್ಟಿನ ದಿನ ಹತ್ತಿರ ಬಂದರೆ ಅಂಗಳದಲ್ಲಿ ಸುಮ್ಮನೆ ಸುತ್ತುತ್ತಿದ್ದೆ. ಹೊಟ್ಟೆನೋವು ಬಂದರೆ ಎರಡು ದಿನ ಏಳುತ್ತಿರಲಿಲ್ಲ, ಎದ್ದ ಮೇಲೆ ಅಳು. ಆಗಲೇ ನೀನು ಎಲ್ಲಿಂದಲೋ ಬಂಗಾಲಿ ಕ್ಯಾಂಪಿನ ದೀದಿಯ ಸುದ್ದಿ ತಂದೆ. ಸಿಂಧನೂರಿನ ಹತ್ತಿರ, ಬಂಗಾಲದ ಕಡೆಯಿಂದ ಬಂದವರಿಗೆ ಸರಕಾರ ನೆಲ ಕೊಟ್ಟು ಕೂರಿಸಿದ ಆ ಊರಿನಲ್ಲಿ ಒಬ್ಬ ಹೆಂಗಸು ಮೈಗೆ ಸೂಜಿ ಚುಚ್ಚಿ ಉಪಚಾರ ಮಾಡುತ್ತಾಳೆ, ಕಲ್ಕತ್ತೆಯಲ್ಲಿ ಡಾಕ್ಟರರೊಬ್ಬರ ಹತ್ತಿರ ಕಲಿತು ಬಂದವಳಂತೆ, ಅದಕ್ಕೆ ಅಕ್ಯುಪಂಕ್ಚರ್ ಎನ್ನುತ್ತಾರಂತೆ ಎಂದೆ. ಅತ್ತೆಗೆ ಹೇಳಿದ್ದು ಮಾತ್ರ ಬೇರೆ. ನಿನ್ನ ಮೊಣಕಾಲು ನೋವಿಗೆ ಸೂಜಿ, ನಾನು ಜೊತೆಗೆ ಹೋಗುವವಳು. ನಿನ್ನ ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು ಎಂದು ನನಗೆ ಗೊತ್ತಾದದ್ದೇ ಅಲ್ಲಿ, ನೀನು ಸೀರೆ ಮೇಲೆತ್ತಿ ಬಾವು ತೋರಿಸಿದಾಗ.

ದೀದಿ ಸೂಜಿಗಳನ್ನು ಪಾತ್ರೆಯಲ್ಲಿ ಕುದಿಸಿ, ಬಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಂಡಾಗ ನಾನು ಎದ್ದು ಬಾಗಿಲಿಗೆ ಹೋದದ್ದನ್ನು ನೆನೆದು ನೀನು ಆಮೇಲೆ ಎಷ್ಟೋ ಸಲ ನಕ್ಕಿದ್ದೀಯ. ಕೂದಲೆಳೆಯಷ್ಟು ಸಣ್ಣ ಸೂಜಿಗಳು. ಹಣೆಗೆ, ಮಣಿಕಟ್ಟಿಗೆ, ಕಿಬ್ಬೊಟ್ಟೆಗೆ, ಪಾದದ ಗಂಟಿನ ಮೇಲೆ. ಇರುವೆ ಕಚ್ಚಿದಂತಾಯಿತು, ಆಮೇಲೆ ಕಾಲೊಳಗೆ ಏನೋ ಭಾರ ಇಳಿದ ಹಾಗೆ. ಮಗುವಾಗುತ್ತದೆಯೇ ಎಂದು ಕೇಳಿದವಳು ನೀನು. ದೀದಿ ಹಿಂದಿ ಬೆರೆಸಿದ ತನ್ನ ಕನ್ನಡದಲ್ಲಿ, "ಸೂಜಿ ಮಗು ಕೊಡ್ತದೆ ಅಂತ ನಾನು ಹೇಳೋದಿಲ್ಲ. ನಿದ್ದೆ ಬರ್ತದೆ, ಹೊಟ್ಟೆ ದರದ್ ಕಮ್ಮಿ ಆಗ್ತದೆ. ಡಾಕ್ಟರ್ ಗೋಲಿ ಬಿಡಬಾರ್ದು" ಎಂದಳು. ಲಿಂಗಸುಗೂರಿನ ಡಾಕ್ಟರಮ್ಮನನ್ನು ಕೇಳಿದಾಗ ಅವರೂ, ಔಷಧಿ ಬಿಡದಿದ್ದರೆ ನನ್ನ ಅಭ್ಯಂತರವಿಲ್ಲ, ಸೂಜಿ ಮಾತ್ರ ಪ್ರತಿ ಸಲ ಕುದಿಸಿರಬೇಕು ಎಂದರು. ಆಮೇಲೆ ನಮ್ಮ ಓಡಾಟ ಶುರುವಾಯಿತು. ಮಸ್ಕಿಯಿಂದ ಒಂದು ಕಡೆ ಲಿಂಗಸುಗೂರು, ಇನ್ನೊಂದು ಕಡೆ ಸಿಂಧನೂರು. ಒಂದು ಕಡೆ ಗುಳಿಗೆ, ಇನ್ನೊಂದು ಕಡೆ ಸೂಜಿ.

ಒಂದು ಮಧ್ಯಾಹ್ನ ದೀದಿಯ ಮನೆಯಲ್ಲಿ ಇಬ್ಬರೂ ಪಕ್ಕಪಕ್ಕದ ಮಂಚದ ಮೇಲೆ ಮಲಗಿದ್ದೆವು. ಮೈಮೇಲೆ ಸೂಜಿ, ಹೊರಳುವಂತಿಲ್ಲ. ದೀದಿ ಕೊಳದ ಕಡೆ ಹೋಗಿದ್ದಳು. ಮನೆಯಲ್ಲಿ ಒಂದು ದಿನವೂ ಆಡದ ಮಾತನ್ನು ನೀನು ಮೇಲಿನ ಜಂತಿ ನೋಡುತ್ತ ಆಡಿದೆ. "ತಂಗಿ ಕುಬಸಕ್ಕ ನನ್ನ ಕರೀಲಿಲ್ಲ. ಬಂಜಿ ನೆರಳು ಬೀಳಬಾರದಂತ ಓಣ್ಯಾಗಿನವ್ರು ಅಂದ್ರಂತ. ಅವ್ವ ಅವತ್ತು ಉಣ್ಣಲೇ ಇಲ್ಲಂತ." ಬಸುರಿ ತಂಗಿಗೆ ಹಸಿರು ಬಳೆ ಇಡಿಸುವ ದಿನ, ಒಡಹುಟ್ಟಿದ ಅಕ್ಕನಿಗೆ ಕರೆಯಿಲ್ಲ. ನಾನು ಕೈ ಚಾಚಲು ಹೋದೆ, ಮಣಿಕಟ್ಟಿನ ಸೂಜಿ ಚುರ್ ಎಂದಿತು. ನೀನು, "ಅಲ್ಲಾಡಬ್ಯಾಡ" ಎಂದೆ. ಅಷ್ಟೇ. ಅವತ್ತು ಮನೆಗೆ ಬಂದು ನಾನು ಬಹಳ ದಿನಗಳ ಮೇಲೆ ಗಾಢವಾಗಿ ನಿದ್ದೆ ಮಾಡಿದೆ. ನೀನು ಮಾಡಿದೆಯೋ ಇಲ್ಲವೋ...

ಅದೇ ವಾರವಲ್ಲವೇ ನೀನು ನಮ್ಮ ಯಜಮಾನರಿಗೆ ಕೇಳಿದ್ದು? ಅವರು ಉಣ್ಣಲು ಕೂತಿದ್ದರು. ನೀನು ರೊಟ್ಟಿ ಬಡಿಸಿ, ಅಲ್ಲೇ ಎದುರಿಗೆ ಕೂತು, "ಇಕೀನೂ ತೋರಿಸ್ಕೊಂಡಾಳ, ನಾನೂ ಊರೂರು ತಿರುಗಿ ಬಂದೀನಿ. ಇನ್ನ ನೀವೊಬ್ರು ಉಳಿದೀರಿ ನೋಡ್ರಿ" ಎಂದೆ. ಅವರು ತಾಟು ಬಿಟ್ಟು ಎದ್ದು ಗಿರಣಿಗೆ ಹೋದರು. ಅತ್ತೆ ಅವತ್ತು ನಿನ್ನನ್ನು ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ನೀನು ತಾಟನ್ನು ಎತ್ತಿಟ್ಟು, ನೆಲ ಒರೆಸಿದೆ. ಮರುದಿನ ಮತ್ತೆ ಕೇಳಿದೆ. ಅದರ ಮರುದಿನವೂ ಕೇಳಿದೆ. ಆ ಧೈರ್ಯ ನಿನಗೆ ಎಲ್ಲಿಂದ ಬಂತು?

ಮಳೆಗಾಲದಲ್ಲಿ ನಿನ್ನ ಕಣ್ಣು ಹಳದಿಯಾದಾಗ ನಾವೆಲ್ಲ ಕಾಮಾಲೆ ತಾನೇ, ಇಳಿಯುತ್ತದೆ ಎಂದುಕೊಂಡಿದ್ದೆವು. ಇಳಿಯಲಿಲ್ಲ. ರಾಯಚೂರಿಗೆ ಒಯ್ಯುವ ಜೀಪು ಬಾಗಿಲಿಗೆ ಬರುವಷ್ಟರಲ್ಲಿ ನೀನು... ಕೊನೆಯ ದಿನವೂ ಅವರನ್ನು ಹತ್ತಿರ ಕರೆದು ಅದನ್ನೇ ಅಂದೆ, ಒಮ್ಮೆ ತೋರಿಸ್ಕೊಳ್ರಿ ಎಂದು. ಅವರು ಹೂಂ ಎಂದದ್ದು ನಿನಗೆ ಕೇಳಿಸಿತೇ?

ನಿನ್ನ ವರ್ಷದ ತಿಥಿ ಮುಗಿದ ಮೇಲೆ ಅತ್ತೆ ಹಟ್ಟಿಯ ಕಡೆಯ ಒಂದು ಹುಡುಗಿಯ ಮಾತು ತೆಗೆದರು. ಅಪ್ಪ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಾನೆ, ತಾಯಿಯಿಲ್ಲದ ಹುಡುಗಿ, ಒಪ್ಪುತ್ತಾರೆ ಎಂದರು. ಮೂರನೆಯವಳು, ಅಕ್ಕ. ನನಗೆ ನೀನು ಗೊರೇಬಾಳದಲ್ಲಿ ಕೈ ಹಿಡಿದು ಕೇಳಿದ್ದು ನೆನಪಾಯಿತು. ನಾನು ಅತ್ತೆಯ ಎದುರಿಗೇ ಅವರಿಗೆ, "ಮೊದ್ಲು ರಾಯಚೂರಿಗೆ ಹೋಗಿ ತೋರಿಸ್ಕೊಂಡು ಬರ್ರಿ. ಆಮ್ಯಾಲ ಆ ಹುಡುಗಿನ್ನ ನೋಡಾಕ ನಾನಽ ಹೋಗ್ತೀನಿ" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಬಹಳ ದಿನ ಅವರು ನನ್ನೊಂದಿಗೆ ಮಾತು ಬಿಟ್ಟರು. ಒಂದು ಬೆಳಿಗ್ಗೆ ಗಿರಣಿ ತೆರೆಯದೆ, ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದರು.

ಅವರು ಹಿಂತಿರುಗಿ ಬಂದು ಗಿರಣಿಯ ಬೆಲ್ಟಿನ ಹತ್ತಿರ ಕೂತಿದ್ದರು. ನಾನೇ ಚಹಾ ಒಯ್ದೆ. ಅವರ ವೀರ್ಯದಲ್ಲಿ ಮಗುವಾಗುವಷ್ಟು ಜೀವ ಇಲ್ಲವಂತೆ. ವೃಷಣದ ನರ ಉಬ್ಬಿಕೊಂಡಿದೆಯಂತೆ, ಬಹುಶಃ ಹರೆಯದಿಂದಲೂ. ಚಿಕ್ಕದೊಂದು ಆಪರೇಷನ್ ಮಾಡಿದರೆ ಆಗಲೂಬಹುದು, ಆಗದಿರಲೂಬಹುದು ಎಂದರಂತೆ. ಅಷ್ಟು ಹೇಳಿ, "ಅಕಿಗೆ ಏನ್ ಹೇಳ್ಲಿ ಈಗ" ಎಂದರು. ಅವರು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಕನಿಕರ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟು ಅದಕ್ಕಿಂತ ಹೆಚ್ಚು ಬಂತು. ಅಕ್ಕನಿಗೆ ಹೇಳುವ ಹೊತ್ತು ಮುಗಿಯಿತು, ಅವಳ ಅವ್ವ ಇದ್ದಾಳೆ, ಅವಳಿಗೆ ಹೇಳಿರಿ, ಅಲ್ಲಿಯವರೆಗೆ ನಾನು ಗುಳಿಗೆಯನ್ನೂ ನುಂಗುವುದಿಲ್ಲ, ಸೂಜಿಯನ್ನೂ ಚುಚ್ಚಿಸಿಕೊಳ್ಳುವುದಿಲ್ಲ ಎಂದೆ.

ಆಪರೇಷನ್ ಆಗಿ ಗಾಯ ಮಾಗಿದರೂ ಅವರು ಜವಳಗೇರಾದ ಮಾತೆತ್ತಲಿಲ್ಲ. ನಾನೂ ಪಟ್ಟು ಬಿಡಲಿಲ್ಲ. ನಿದ್ದೆ ಮತ್ತೆ ಹೋಯಿತು, ಹೊಟ್ಟೆನೋವು ಮತ್ತೆ ಬಂತು. ನಾಳೆ ಮಗುವಾದರೆ ಆಗಲಿ, ಆಗದಿದ್ದರೆ ಬಿಡಲಿ, ಮೊದಲು ಇದಾಗಬೇಕು ಅನ್ನಿಸಿತ್ತು. ಕೊನೆಗೆ ಮೊನ್ನೆ ಅವರೇ, ನಾಳೆ ಹೋಗೋಣ ಎಂದರು.

ನಿನ್ನೆ ನಾವು ಹೋದಾಗ ನಿನ್ನವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ಒಳಗೆ ಕರೆದು ನೀರು ಕೊಟ್ಟಳು. ಅವರು ಗೋಡೆಯ ಕಡೆ ಮುಖ ಮಾಡಿ ನಿಂತು, ತಡವರಿಸುತ್ತ, ಎಲ್ಲವನ್ನೂ ಹೇಳಿದರು. ನಿನ್ನವ್ವ ಅಳುತ್ತಾಳೆ ಎಂದುಕೊಂಡಿದ್ದೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಸೆರಗು ಸರಿಮಾಡಿಕೊಂಡು ಬಾಗಿಲನ್ನು ಪೂರ್ತಿ ತೆರೆದಳು. "ಒಳಗ ಬ್ಯಾಡ ಅಳಿಯಂದ್ರ. ಹೊರಗ ನಿಂತು ಹೇಳ್ರಿ. ನನ್ನ ಮಗಳಿಗೆ ಅಂದಿದ್ದು ಓಣಿ, ಓಣಿಗೇ ಕೇಳ್ಬೇಕು" ಎಂದಳು.

ನಲ್ಲಿಯ ಹತ್ತಿರ ಹೆಂಗಸರು ನೀರಿಗೆ ನಿಂತಿದ್ದರು. ಯಜಮಾನರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಅವರು ಕಟ್ಟೆಗೆ ಬಂದು ಮೆಲ್ಲಗೆ ಏನೋ ಅಂದರು. ನಿನ್ನವ್ವ, "ಕೇಳಿಸ್ಲಿಲ್ರಿ" ಎಂದಳು. ಆಗ ಅವರು ಎಲ್ಲರಿಗೂ ಕೇಳುವಂತೆ, "ನೀಲಮ್ಮನ ಕಡೆ ಏನೂ ಐಬು ಇರಲಿಲ್ಲ. ಐಬು ಇದ್ದಿದ್ದು ನನ್ನ ಕಡೆ" ಎಂದರು. ನಲ್ಲಿಯ ನೀರು ಒಬ್ಬಳ ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು, ಅವಳಿಗೆ ಅದರ ಮೇಲೆ ಗ್ಯಾನವಿರಲಿಲ್ಲ. ನಿನ್ನವ್ವ ಅಷ್ಟು ಹೊತ್ತು ನೆಟ್ಟಗೆ ನಿಂತಿದ್ದವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ, "ಇನ್ನ ಒಳಗ ಬರ್ರಿ, ಕೈಕಾಲು ತೊಳ್ಕೋರಿ" ಎಂದಳು.

ನಾಳೆಯಿಂದ ಗುಳಿಗೆ ಶುರು ಮಾಡುತ್ತೇನೆ, ಈ ವಾರ ದೀದಿಯ ಹತ್ತಿರ ಹೋಗುತ್ತೇನೆ. ಏನಾಗುತ್ತದೋ ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಗೊತ್ತಾಗಿರುವುದು ಒಂದೇ. ನಿನ್ನಲ್ಲಿ ಏನೂ ಐಬಿರಲಿಲ್ಲ, ಅಕ್ಕ. ಅದನ್ನು ಅವರು ನಿನ್ನ ತವರಿನ ಓಣಿಯಲ್ಲಿ ನಿಂತು ತಮ್ಮ ಬಾಯಿಂದಲೇ ಹೇಳಿದರು.

ನಿನ್ನ ಗಂಗಿ