ಔಷಧಿ ಹೊಡೆಯದ ದಿಬ್ಬ

ಮಾರ್ಚ್ 3
ಮನೆ ಹಿಂದಿನ ಪಾರ್ಕು. ಆರು ಟ್ಯಾಂಕ್ ಔಷಧಿ ಹೊಡೆದೆ. ಹುಳಕ್ಕೆ ನಾಲ್ಕು, ಕಳೆಗೆ ಎರಡು. ಎಡಭುಜಕ್ಕೆ ಪಟ್ಟಿ ಕೊರೆಯುತ್ತಿದೆ — ಹಳೆಯ ಟವೆಲ್ ಮಡಚಿ ಒಳಗಿಟ್ಟುಕೊಂಡೆ. ಹದಿನಾಲ್ಕು ವರ್ಷದಿಂದ ಇದೇ ಪಂಪು ಬೆನ್ನಿಗೆ. ನಗರಸಭೆಯ ಪಾರ್ಕು ಡಿಪೋದಲ್ಲಿ ನನ್ನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಪಂಪಣ್ಣ.

ಮನೆಗೆ ಬಂದರೆ ಹೆಂಡತಿಯ ಮುಖ ಊದಿಕೊಂಡಿತ್ತು. ಹಿತ್ತಲಿನ ಕುಂಬಳದ ಬಳ್ಳಿಯಿಂದ ಇವತ್ತೂ ಏಳು ಹೀಚು ಉದುರಿವೆ. ಹೆಬ್ಬೆರಳಿನಷ್ಟಾಗುತ್ತವೆ, ಹಳದಿಗೆ ತಿರುಗುತ್ತವೆ, ಬೀಳುತ್ತವೆ. ಏಳನ್ನೂ ಹೊಲಿಗೆ ಮಷಿನ್ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದಾಳೆ, ನಾನೇ ಉದುರಿಸಿದ ಹಾಗೆ.

"ಗೊಬ್ಬರ ಹಾಕಾಯ್ತು, ನೀರು ಹಾಕಾಯ್ತು. ಇನ್ನೇನು, ಜೋಗುಳ ಹಾಡ್ಲಾ?"

ಮಾರ್ಚ್ 6, ಬೆಳಿಗ್ಗೆ 9
ರಜೆ. ಆದರೂ ಕಾವಲು ಡ್ಯೂಟಿ. ಇವಳ ಆರ್ಡರು: ಹೂವಿಗೆ ಯಾರು ಬರುತ್ತಾರೆ ನೋಡಿ. ಆರೂವರೆಗೇ ಮಣೆ ಹಾಕಿಕೊಂಡು ಕೂತೆ. ಇಪ್ಪತ್ತು ಹೂವು, ಒಂದೊಂದೂ ಅಂಗೈ ಅಗಲ. ಎರಡೂವರೆ ಗಂಟೆಯಲ್ಲಿ ಬಂದದ್ದು ಒಂದು ಇರುವೆ. ಅದೂ ದಾರಿ ತಪ್ಪಿ. ಬಿಸಿಲೇರಿದಂತೆ ಹೂಗಳು ಬಾಯಿ ಮುಚ್ಚಿಕೊಂಡವು.

ದುಂಬಿ ಇಲ್ಲ. ಜೇನುನೊಣ ಇಲ್ಲ. ಚಿಟ್ಟೆ... ಕೊನೆಯ ಸಲ ನೋಡಿದ್ದು ಯಾವಾಗ?

ಮಾರ್ಚ್ 7
ಗಂಡುಹೂವು ಕಿತ್ತು, ದಳ ಬಿಡಿಸಿ, ಹೆಣ್ಣುಹೂವಿನ ನಡುವೆ ಮೆಲ್ಲಗೆ ಉಜ್ಜಿದೆ. ಐದು ಹೂವಿಗೆ. ಗುರುತಿಗೆ ಇವಳ ಕೆಂಪು ದಾರ ಕಟ್ಟಿದೆ. ಕಿಟಕಿಯಲ್ಲಿ ನಿಂತು ನಗುತ್ತಿದ್ದಳು.

"ಈ ವಯಸ್ಸಲ್ಲಿ ನಿಮಗೆ ದುಂಬಿ ಕೆಲ್ಸ ಬಂತಲ್ಲ ರೀ!"

ಮಾರ್ಚ್ 13
ದಾರ ಕಟ್ಟಿದ ಐದರಲ್ಲಿ ನಾಲ್ಕು ನಿಂತಿವೆ. ಆಗಲೇ ಮುಷ್ಟಿಗಾತ್ರ! ಕುಣಿಯೋಣ ಅನ್ನಿಸಿತು. ಇವಳು ಕುಣಿಯುವ ಲಕ್ಷಣ ಕಾಣಲಿಲ್ಲ.

"ಅಂದ್ರೆ ಬಳ್ಳೀದೇನೂ ತಪ್ಪಿಲ್ಲ. ಬರೋರು ಬರ್ತಿಲ್ಲ, ಅಷ್ಟೆ."

"ಹೂಂ."

"ಆ ಗೋಡೆ ಆಚೆ ಏನಿದೆ?"

"ಪಾರ್ಕು."

"ಅಲ್ಲಿ ಔಷಧಿ ಹೊಡೆಯೋರು ಯಾರು?"

ತಟ್ಟೆ ಸರಿಸಿ ಎದ್ದುಬಿಟ್ಟೆ. ಊರಲ್ಲಿ ನಾನೊಬ್ಬನೇ ಹೊಡೆಯುವುದಾ? ತಿನ್ನುವ ಅನ್ನದ ಮೇಲೇ ಮಾತು.

ಮಾರ್ಚ್ 22
ಒಂಬತ್ತು ದಿನದಿಂದ ಬರೆದಿಲ್ಲ. ಮನೆಯಲ್ಲಿ ಮಾತೂ ಅಷ್ಟಕ್ಕಷ್ಟೇ.

ಬೆಳಿಗ್ಗೆಯ ಅವಸರದಲ್ಲಿ ಇವಳ ಕನ್ನಡಕ ನನ್ನ ಜೇಬಿಗೆ ಬಿದ್ದಿತ್ತು. ಡಿಪೋದಲ್ಲಿ ಸುಮ್ಮನೆ ಏರಿಸಿಕೊಂಡೆ. ಎದುರಿಗೆ ಹುಳದ ಔಷಧಿಯ ಡಬ್ಬಿ. ಅದರ ಮೇಲೆ ಸಾಸಿವೆಗಾತ್ರದ ಕೆಂಪು ಅಕ್ಷರ: ಹೂ ಬಿಟ್ಟಿರುವ ಗಿಡಗಳಿಗೆ ಸಿಂಪಡಿಸಬಾರದು. ಜೇನುನೊಣಗಳಿಗೆ ಮಾರಕ.

ಮೂರು ಸಲ ಓದಿದೆ. ಹದಿನಾಲ್ಕು ವರ್ಷ ಈ ಕೈಯಲ್ಲೇ ಹಿಡಿದ ಡಬ್ಬಿ.

ಪಾರ್ಕಿನ ಹೂಪಾತಿಯ ಮುಂದೆ ನಿಂತೆ. ತುಂಬ ಹೂ. ಕೈ ಏಳಲಿಲ್ಲ. ಟ್ಯಾಂಕಿಗೆ ಬರೀ ನೀರು ತುಂಬಿ ಹೊಡೆದು ಬಂದೆ, ಕಳ್ಳನ ಹಾಗೆ.

ಸಂಜೆ ಇವಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕನ್ನಡಕ ಇಸಿದುಕೊಂಡು ಸೆರಗಿನಲ್ಲಿ ಒರೆಸಿದಳು.

"ನೀರು ಎಷ್ಟು ದಿನ ಹೊಡೀತೀರಾ? ಹೋಗಿ ಬಾಯಿಬಿಟ್ಟು ಹೇಳಿ."

ಮಾರ್ಚ್ 24
ಹೇಳಿದೆ. ಪಾರ್ಕುಗಳ ಮೇಲ್ವಿಚಾರಕಿ ಮೇಡಂ ಪೆನ್ನು ಕೆಳಗಿಟ್ಟರು.

"ಡ್ಯೂಟೀಲಿ ಬರೀ ನೀರು ಹೊಡೆದೆ ಅಂತ ನೀವೇ ಬಂದು ಹೇಳ್ತಿದೀರಾ? ಮೆಮೊ ಕೊಡ್ಲಾ?"

"ಕೊಡಿ ಮೇಡಂ. ಆದ್ರೆ ಪಾರ್ಕಿನ ಹಿಂದಿನ ದಿಬ್ಬ ಒಂದನ್ನ ಬಿಟ್ಬಿಡಿ. ಅಲ್ಲಿ ಯಾವ ಔಷಧೀನೂ ಬೇಡ. ದಾರಿ ಮೇಲಿನ ಕಳೆ ನಾನೇ ಕೈಯಲ್ಲಿ ಕೀಳ್ತೀನಿ."

ಮೇಡಂ ಪೆನ್ನು ಮತ್ತೆ ಕೈಗೆತ್ತಿಕೊಂಡರು.

"ಮೂರು ತಿಂಗಳು. ದಿನಾ ಹದಿನೈದು ನಿಮಿಷ ಅಲ್ಲಿ ಕೂತು, ಎಷ್ಟು ಬಂದ್ವು ಅಂತ ಬರೆದಿಡಿ. ಜಾಸ್ತಿ ಆದ್ರೆ ಸರಿ. ಇಲ್ಲಾಂದ್ರೆ ಮತ್ತೆ ಪಂಪು ಹೊರ್ಬೇಕು, ಈ ಮೆಮೊನೂ ಫೈಲಿಗೆ ಹೋಗತ್ತೆ."

ಅಲ್ಲೇ ಮೆಮೊ ಬರೆದು ಡ್ರಾಯರಿಗೆ ಹಾಕಿದರು.

ಏಪ್ರಿಲ್ 2
ಸೊನ್ನೆ.

ಏಪ್ರಿಲ್ 3
ಸೊನ್ನೆ.

ಏಪ್ರಿಲ್ 9
ಎರಡು. ಒಂದು ಬರೀ ನೊಣ ಇರಬಹುದು. ಎರಡು ಅಂತಲೇ ಬರೆಯೋಣವೇ? ಬೇಡ. ಒಂದು.

ಏಪ್ರಿಲ್ 20
ಸೊಂಟ ಬಿದ್ದುಹೋಗಿದೆ. ಕಳೆ ಕೀಳುವುದೆಂದರೆ ದಿನವಿಡೀ ಮಂಡಿಯ ಮೇಲೆ. ಇವಳು ಗೋಣಿಬಟ್ಟೆಯಲ್ಲಿ ಮಂಡಿಗೆ ದಿಂಬು ಹೊಲಿದುಕೊಟ್ಟಿದ್ದಾಳೆ.

ಬೆಳಿಗ್ಗೆ ವಾಕಿಂಗಿನವರ ಮುಖಂಡರು ಅಡ್ಡ ಹಾಕಿದರು — ರಿಟೈರ್ಡ್ ಮೇಷ್ಟ್ರು. ದಿಬ್ಬದ ಹುಲ್ಲಿಗೆ ಕೋಲು ತೋರಿಸಿದರು.

"ಏನಯ್ಯಾ, ಇದು ಪಾರ್ಕೋ ಕಾಡೋ? ಹಾವು ಬಂದ್ರೆ ನೀನು ಹಿಡೀತೀಯಾ?"

"ಹಾವಲ್ಲ ಸಾರ್, ಜೇನುನೊಣ ಬರ್ಲಿ ಅಂತ."

"ಬಂತಾ?"

ಬಗ್ಗಿ ಕಳೆ ಕೀಳತೊಡಗಿದೆ. ದೂರು ಬರೆದಿದ್ದಾರೆ. ಹದಿನೆಂಟು ಸಹಿ.

ಏಪ್ರಿಲ್ 22
ಮೇಡಂ ದೂರು ಓದಿದರು. "ಮೂರು ತಿಂಗಳು ಅಂದ್ರೆ ಮೂರು ತಿಂಗಳು" ಅಂದರು. ಅಷ್ಟೇ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮೇ 28
ಒಂದು ತಿಂಗಳ ಮೇಲಾಯಿತು. ಎಣಿಕೆ ಬೇರೆ ಪುಸ್ತಕದಲ್ಲಿ ಬರೆಯುತ್ತಿದ್ದೆ. ಮೂರು, ಐದು, ಮತ್ತೆ ಎರಡು, ಒಂಬತ್ತು... ಇದರಲ್ಲಿ ಬರೆಯಲು ಮನಸ್ಸಿರಲಿಲ್ಲ.

ಇವತ್ತು ಬರೆಯಲೇಬೇಕು. ಹೋದ ವಾರದ ಮಳೆಗೆ ದಿಬ್ಬದ ತುಂಬ ನೇರಳೆ ಹೂ ಬಂದಿದೆ. ಹೆಸರು ಗೊತ್ತಿಲ್ಲ. ಕೆಳಗೆ, ಹುಲ್ಲಿಲ್ಲದ ಬರೀ ಮಣ್ಣಿನಲ್ಲಿ, ಪೆನ್ಸಿಲ್ ಚುಚ್ಚಿದಂಥ ತೂತುಗಳು. ಸುತ್ತ ರವೆಯಂಥ ಮಣ್ಣು. ಇರುವೆ ಗೂಡು ಅಂದುಕೊಂಡು ಬಗ್ಗಿದೆ. ಒಳಗಿನಿಂದ ಒಂದು ಮುಖ ನನ್ನನ್ನು ನೋಡಿತು! ಹೊರಗೆ ಬಂತು, ಮೈ ಕೊಡವಿತು, ಹಾರಿತು. ಇನ್ನೊಂದು ಬಂದು ಇಳಿಯಿತು. ಅದರ ಎರಡೂ ಹಿಂಗಾಲಿಗೆ ಹಳದಿ ಪರಾಗ, ಕಾಲುಚೀಲ ಹಾಕಿಕೊಂಡ ಹಾಗೆ.

ಜೇನುನೊಣ ಮರದಲ್ಲಿ ಮಾತ್ರ ಇರುತ್ತದೆ ಅಂದುಕೊಂಡಿದ್ದೆ. ಇವು ಮಣ್ಣಿನ ಸಂಸಾರ! ಪ್ರತಿ ವರ್ಷ ಇದೇ ಮಣ್ಣಿನ ಮೇಲೆ ನಾನು...

ತೂತು ನಲವತ್ತೊಂದು. ಹದಿನೈದು ನಿಮಿಷದಲ್ಲಿ ಇಪ್ಪತ್ತಾರು.

ಮನೆಯವರೆಗೆ ಓಡಿದೆ. ಇವಳನ್ನು ಹೊಲಿಗೆಯ ನಡುವೆಯೇ ಎಬ್ಬಿಸಿ ಕರೆತಂದೆ. ಇವಳು ಕೂತು ನೋಡಿದಳು, ತುಂಬ ಹೊತ್ತು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ಕರೆದ್ರೆ ಬರ್ತಾವೆ ನೋಡಿ" ಅಂದಳು.

ಜೂನ್ 9
ತಪಾಸಣೆ. ಮೂರು ತಿಂಗಳು ತುಂಬಲು ಇನ್ನೂ ಹದಿನೈದು ದಿನ ಇರುವಾಗಲೇ ಮೇಡಂ ಬಂದರು. ಹೇಳದೆಯೇ ಮೇಷ್ಟ್ರೂ ಬಂದರು, ಕೋಲಿನ ಸಮೇತ.

ಎಣಿಕೆಯ ಪುಸ್ತಕ ಕೊಟ್ಟೆ. ಮೇಡಂ ಸೊನ್ನೆಗಳಿಂದ ಶುರು ಮಾಡಿ ಪುಟ ತಿರುವಿದರು. ಮೇಷ್ಟ್ರು ಪುಸ್ತಕ ನೋಡಲಿಲ್ಲ. "ಎಲ್ಲಯ್ಯಾ ತೂತು?" ಅಂತ ಬಗ್ಗಿದರು. ಬಗ್ಗಿದವರು ಮಂಡಿಯೂರಿದರು. ಆಮೇಲೆ — ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲೇ — ಬೋರಲು ಮಲಗಿಬಿಟ್ಟರು. ಜೇಬಿನಿಂದ ಫೋನು ಜಾರಿ ಬಿತ್ತು. ಅದರ ಗೊಡವೆಯೇ ಇಲ್ಲ.

"ಸಾರ್, ಹುಳ ಕಚ್ಚಿದ್ರೆ?"

"ಶ್! ಮಾತಾಡ್ಬೇಡ. ಇದು ಈಗ್ತಾನೆ ಒಳಗೆ ಹೋಯ್ತು."

ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹದಿನೈದು ನಿಮಿಷ ಮೂವರೂ ಎಣಿಸಿದೆವು. ನನಗೆ ಐವತ್ತೆರಡು, ಮೇಡಂಗೆ ನಲವತ್ತೊಂಬತ್ತು. ಮೇಷ್ಟ್ರಿಗೆ ಅರವತ್ತು. ಹೋದವನ್ನೂ ಬಂದವನ್ನೂ ಎರಡು ಸಲ ಎಣಿಸಿರಬೇಕು. ಯಾರೂ ತಿದ್ದಲು ಹೋಗಲಿಲ್ಲ.

ಜೂನ್ 12
ಎರಡನೇ ಸಲ ಹಾಕಿದ ಕುಂಬಳ. ನಾನು ಒಂದು ಹೂವನ್ನೂ ಮುಟ್ಟಿಲ್ಲ. ಒಂಬತ್ತು ಕಾಯಿ ನಿಂತಿವೆ. ಇವಳು ಬೆಳಿಗ್ಗೆಯಿಂದ ಬಂದವರಿಗೆಲ್ಲ, ಬ್ಲೌಸಿನ ಅಳತೆ ಕೊಡಲು ಬಂದವರಿಗೂ, ಹಿತ್ತಲು ತೋರಿಸುತ್ತಿದ್ದಾಳೆ.

ಜೂನ್ 25
ಆರ್ಡರ್ ಬಂತು! ನಮ್ಮ ಡಿಪೋದ ಏಳೂ ಪಾರ್ಕಿನಲ್ಲಿ ಹುಳದ ಔಷಧಿ ಬಂದ್. ಕಳೆ ಔಷಧಿಯೂ ಬಂದ್. ಪ್ರತಿ ಪಾರ್ಕಿನಲ್ಲೂ ಒಂದು ದಿಬ್ಬವೋ ಮೂಲೆಯೋ ಹಾಗೇ ಬಿಡಬೇಕು. ಜೊತೆಗೆ ಲಗತ್ತಿಸಿದ ಮನವಿಯಲ್ಲಿ ಅರವತ್ತಮೂರು ಸಹಿ. ಮೊದಲನೆಯದು ಮೇಷ್ಟ್ರದು, ದಪ್ಪಗೆ.

ಮೇಡಂ ಡ್ರಾಯರಿನಿಂದ ಮೆಮೊ ತೆಗೆದು ನಾಲ್ಕು ಚೂರು ಮಾಡಿದರು. "ಇನ್ಮೇಲೆ ಉಳಿದ ಆರು ಪಾರ್ಕಿನವರಿಗೆ ನೀವೇ ಕಲಿಸ್ಬೇಕು" ಅಂದರು. ನಾನಾ? ನಾನೇ!

ಪಂಪನ್ನು ಸ್ಟೋರಿಗೆ ಒಪ್ಪಿಸಿದೆ. ತೊಳೆದು, ಒರೆಸಿ. ಹೊರಗೆ ಬರುವಾಗ ಮೈ ಎಷ್ಟು ಹಗುರ ಅಂದರೆ ನಾಲ್ಕು ಹೆಜ್ಜೆ ಓಲಾಡಿದೆ. ಡಿಪೋದ ಹುಡುಗರು ಚಪ್ಪಾಳೆ ತಟ್ಟಿದರು.

ಜುಲೈ 4, ಬೆಳಿಗ್ಗೆ 8.10
ಬಸ್ ನಿಲ್ದಾಣದ ಪಕ್ಕದ ಪಾರ್ಕು. ಮೊದಲ ಪಾಠ. ಪಂಪು ಹೊರುತ್ತಿದ್ದ ಐದು ಜನ ಸಾಲಾಗಿ ಹುಲ್ಲಿನ ಮೇಲೆ ಕೂತಿದ್ದಾರೆ, ಪಂಪಿಲ್ಲದ ಬೆನ್ನಿನಲ್ಲಿ ಏನು ಮಾಡುವುದೆಂದು ತಿಳಿಯದೆ. ಹೊಗೆ, ಹಾರನ್ನು, ಗದ್ದಲ. ಇಲ್ಲಿ ಏನು ಬರುತ್ತದೆ ಅಂತ ಎಲ್ಲರಿಗೂ ಅನುಮಾನ. ನನಗೂ. ಮೇಡಂ ಮಾತ್ರ ಚಪ್ಪಲಿ ಬಿಟ್ಟು ಬೇಲಿಯ ಹತ್ತಿರ ಕೂತು ಒಬ್ಬರೇ ಎಣಿಸುತ್ತಿದ್ದಾರೆ. ಇದುವರೆಗೆ ಮೂರು ಅಂತೆ. ಮೊದಲ ದಿನವೇ ಮೂರು! ನನಗೆ ಮೂರು ಬರಲು ಎಷ್ಟು ವಾರ —

ಮೇಡಂ ಕೂಗುತ್ತಿದ್ದಾರೆ. "ಬೇಗ ಬನ್ನಿ, ನೀಲಿ ಪಟ್ಟೆ! ಮೈಮೇಲೆ ನೀಲಿ ಪಟ್ಟೆ ಇದೆ!" ನೀಲಿಯದನ್ನು ನಾನೂ ಕಂಡಿಲ್ಲ. ಐದೂ ಜನ ಎದ್ದು ಓಡಿದರು. ಮಿಕ್ಕಿದ್ದು ಆಮೇಲೆ ಬರೆದರಾಯಿತು, ಈಗ