ರೋಲರಿನ ಗುಳಿ

ಅಂಗಡಿಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ಹೊಸ ಪ್ರೆಸ್ಸಿನಲ್ಲಿ ಕೂತು ಉಣ್ಣಲಾದರೂ ಬಿಡುತ್ತಾರಾ, ಇಲ್ಲ ಇಲ್ಲಿಯ ಹಾಗೆ ನಿಂತೇ ನುಂಗುತ್ತೀಯಾ? ಅಪ್ಪ ಚೆನ್ನಾಗಿದ್ದಾರೆ. ನಾನು ಮಾತ್ರ ಬೆಳಗಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಈ ಕಾಗದವನ್ನೇ ಮೂರು ಸಲ ಹರಿದು ಬರೆಯುತ್ತಿದ್ದೇನೆ. ಅಕ್ಷರ ಕೋಳಿಕಾಲಾಗಿದ್ದರೆ ನಗಬೇಡ.

ನೀನು ಹೋದ ಮೇಲೂ ಲ್ಯಾಮಿನೇಷನ್ ಮೆಷಿನ್ನಿನ ರಗಳೆ ನಿಲ್ಲಲಿಲ್ಲ. ಶಾಲೆಯ ಗೋಡೆಪಟಗಳ ಮೇಲೆ ಅಡ್ಡಗೆರೆ ಬಿದ್ದಿತ್ತಲ್ಲ, ಅದೇ ಗೆರೆ ನನಗೂ ಬರತೊಡಗಿತು. ಅವತ್ತು ಗಿರಾಕಿಗಳ ಎದುರೇ ಅಪ್ಪ "ಹತ್ತು ವರ್ಷದಿಂದ ಇದೇ ಕೆಲಸ, ಇನ್ನೂ ಫಿಲ್ಮ್ ಬಿಗಿ ಮಾಡೋಕೆ ಬರಲ್ವೇನೋ?" ಎಂದದ್ದು, ನೀನು "ನಾನು ಸರಿಯಾಗೇ ಇಟ್ಟಿದ್ದೆ" ಎಂದು ಚೀಲ ಹೆಗಲಿಗೇರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಾನು ಬಿಸಿ ಇಳಿಸಿದೆ, ವೇಗ ತಗ್ಗಿಸಿದೆ, ಪ್ಲಾಸ್ಟಿಕ್ ಫಿಲ್ಮ್ ಸುರುಳಿಗಳ ಬ್ರೇಕನ್ನು ಬಿಗಿ ಮಾಡಿದೆ, ಸಡಿಲ ಮಾಡಿದೆ. ಹಾಳೆ ಒಮ್ಮೆ ಮೇಲಕ್ಕೆ ಮುದುಡಿತು, ಒಮ್ಮೆ ಕೆಳಕ್ಕೆ. ಗೆರೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಸೋಮವಾರ ದೋಣಿ ನಡೆಸುವ ಮುದುಕ ಒಂದು ನಕ್ಷೆ ತಂದ. ನದಿಯ ಮರಳುದಿಬ್ಬ, ಸುಳಿ, ಬಂಡೆ ಎಲ್ಲವನ್ನೂ ಮೂವತ್ತು ವರ್ಷದಲ್ಲಿ ಕೈಯಾರೆ ಬರೆದದ್ದು, ಇನ್ನೊಂದು ಪ್ರತಿಯಿಲ್ಲ. "ಕಣ್ಣು ಮಂಜಾಯ್ತು ಮಗಳೇ. ಇನ್ನು ಸೊಸೆ ದೋಣಿ ಬಿಡ್ತಾಳೆ. ನೀರು ಬಿದ್ರೂ ಅಳಿಸಿಹೋಗಬಾರದು" ಎಂದ. ಒಮ್ಮೆ ಫಿಲ್ಮ್ ಅಂಟಿದರೆ ಮತ್ತೆ ಬಿಡಿಸುವುದುಂಟೇ? ಮೂರು ದಿನದ ಗಡುವು ಕೇಳಿಕೊಂಡೆ.

ಅವತ್ತೇ ರದ್ದಿ ಕಾಗದದ ಉದ್ದ ಪಟ್ಟಿಯೊಂದನ್ನು ಬಿಟ್ಟು ನೋಡಿದೆ. ಗೆರೆ ಗೆರೆಗೂ ಒಂದೇ ಅಂತರ. ಫಿಲ್ಮನ್ನು ಹಾಳೆಗೆ ಒತ್ತುವ ರೋಲರಿಗೆ ದಾರ ಸುತ್ತಿ ಅಳೆದರೆ ಅದೂ ಅಷ್ಟೇ! ಒಂದು ಸುತ್ತಿಗೆ ಒಂದು ಗೆರೆ. ಮೆಷಿನ್ ಆರಿಸಿ, ರೋಲರು ಉಗುರುಬೆಚ್ಚಗಾದ ಮೇಲೆ ಅಂಟನ್ನೆಲ್ಲ ಬಟ್ಟೆಯಲ್ಲಿ ಒರೆಸಿ ಸವರಿದೆ. ಮೇಲಿನ ರೋಲರಿನ ರಬ್ಬರಿನ ಉದ್ದಕ್ಕೂ ಸಣ್ಣ ಗುಳಿ ಬೆರಳಿಗೆ ಸಿಕ್ಕಿತು. ಅಪ್ಪನ ಕೈ ಹಿಡಿದು ಅದರ ಮೇಲಿಟ್ಟೆ. "ಹಾಗಾದ್ರೆ ಅವನ ತಪ್ಪಲ್ಲ" ಎಂದವರು ಆ ದಿನ ಊಟಕ್ಕೇ ಏಳಲಿಲ್ಲ.

ನಿನ್ನೆ ಹೊಸ ರೋಲರು ಬಂತು, ಕೂರಿಸಿದೆವು. ಇಂದು ಬೆಳಿಗ್ಗೆ ಐದು ರದ್ದಿ ಹಾಳೆ ಬಿಟ್ಟು ನೋಡಿ, ನಕ್ಷೆ ಬಿಟ್ಟೆ. ಗೆರೆಯಿಲ್ಲ, ಗುಳ್ಳೆಯಿಲ್ಲ. ಮುದುಕ ಅಲ್ಲೇ ಅದರ ಮೇಲೆ ಒಂದು ಚೊಂಬು ನೀರು ಸುರಿದು ಪರೀಕ್ಷೆ ಮಾಡಿದ, ಮೇಜೆಲ್ಲ ಕೆರೆಯಾಯಿತು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಹೊತ್ತುಹೊತ್ತಿಗೆ ಉಣ್ಣು. ನಿನಗೆ ಕೋಣೆ ಕೊಟ್ಟ ಆ ಅಜ್ಜಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಬೆನ್ನು ಬಿಡದ ತಂಗಿ,
ಬಾಲ

ಮರೆತೆ. ಇಲ್ಲ, ಮರೆತಿಲ್ಲ, ಧೈರ್ಯ ಸಾಲಲಿಲ್ಲ. ಕೆಲಸ ಮುಗಿದ ಮೇಲೆ ಹಿಡಿ ಎತ್ತಿ ರೋಲರುಗಳನ್ನು ಬಿಡಿಸಿಡದಿದ್ದರೆ ಒಂದಕ್ಕೊಂದು ಒತ್ತಿ ಹೀಗೆ ಗುಳಿ ಬೀಳುತ್ತದಂತೆ, ಮೆಕ್ಯಾನಿಕ್ ಹೇಳಿದ. ಗೋಡೆಪಟಗಳ ಕೆಲಸಕ್ಕೆ ಮುಂಚೆ ಅತ್ತೆಯನ್ನು ನೋಡಲು ಎಂಟು ದಿನ ಹೋಗಿದ್ದೆವಲ್ಲ, ಹೊರಟ ದಿನ ಅಂಗಡಿ ಮುಚ್ಚಿದವಳು ನಾನು. ರೋಲರು ಬಿಸಿಯಿರುವಾಗಲೇ ಹಿಡಿ ಎತ್ತದೆ ಬಸ್ಸಿಗೆ ಓಡಿದ್ದೆ. ಬೈಗುಳ ನೀನು ತಿಂದೆ. ಈಗಷ್ಟೇ ಅಪ್ಪನಿಗೂ ಹೇಳಿದೆ. ಬೈಯಲಿಲ್ಲ, ಕನ್ನಡಕ ಹುಡುಕಿ, "ಒಂದು ಸಾಲು ಜಾಗ ಬಿಡೇ ನನಗೆ" ಎಂದು ಪಕ್ಕದಲ್ಲೇ ನಿಂತಿದ್ದಾರೆ. ಸಾಕು, ಪೆನ್ನು ಕಿತ್ತುಕೊಳ್ಳುತ್ತಿ

ಮಗನೇ, ನಿನ್ನ ಮಾತು ಕೇಳಿಸಿಕೊಳ್ಳದೆ ಬೈದೆ. ಅದು ಅವಳ ತಪ್ಪಲ್ಲ, ನನ್ನದು. ಬರ್ತೀಯಾ?